ಮಾಲೀಕರು ದಯವಿಟ್ಟು ಇತ್ತ ನೋಡಿ

ಸಾರಸ ಕಾರಿನಲ್ಲಿ ಏನಿಲ್ಲ ಹೇಳಿ. ಸೀಟಿನೊಳಗೆ ಬೆನ್ನು ನೀವುವ ಯಂತ್ರವಿದೆ. ಮೂರು ಬಗೆಯ ಪರಿಮಳ ಬಿಡುತ್ತದೆ. ಹಳೆಯ ಕಾರುಗಳಲ್ಲಿ ಎಂಜಿನ್ ಇರುತ್ತಿದ್ದ ಜಾಗದಲ್ಲಿ, ಬಾನೆಟ್ಟಿನ ಕೆಳಗೆ, ಐಸ್‌ಕ್ರೀಮ್ ಇಟ್ಟರೆ ಸಂಜೆಯವರೆಗೂ ಕರಗದ ತಂಪು ಡಿಕ್ಕಿಯಿದೆ. ಇಷ್ಟೆಲ್ಲ ಇದ್ದೂ, ನಿಮ್ಮ ಜೇಬಿನ ಫೋನಿನ ಜೊತೆ ಒಂದು ಮಾತಾಡು ಅಂದರೆ ಮಾತ್ರ ಮುಖ ತಿರುಗಿಸಿ ಕೂರುತ್ತದೆ.

ಇದರ ಹಿಂದೆ ಒಂದು ಕಾನೂನಿನ ಕತೆಯಿದೆ. ಗಾಡಿ ಓಡಿಸುತ್ತ ಫೋನ್ ನೋಡಿ ಜನ ಸಾಯುವುದು ವಿಪರೀತವಾದಾಗ, ಓಡುವ ಕಾರಿನೊಳಗೆ ಫೋನು ಕೆಲಸ ಮಾಡಕೂಡದು ಎಂದು ಕಾನೂನು ಬಂತು. ಗಾಜಿಗೆ ತೆಳ್ಳನೆಯ ಲೋಹದ ಪದರ ಬಳಿದರು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಫೋನು ಕಿವುಡು. ಸಣ್ಣ ಕಾರು ಮಾಡುವವರು ಜಾಣರು. ಫೋನನ್ನು ಕಾರಿನ ಪರದೆಗೆ ಜೋಡಿಸಿ, ನಕಾಶೆ, ಕರೆ, ಹಾಡು ಎಲ್ಲ ಅಲ್ಲೇ ಬರುವಂತೆ ಮಾಡಿಕೊಟ್ಟರು. ದೊಡ್ಡ ಕಾರಿನವರಿಗೆ ದೊಡ್ಡಸ್ತಿಕೆ. ಗಿರಾಕಿಯ ಫೋನಿಗೆ ನಾವೇಕೆ ಜಾಗ ಕೊಡಬೇಕು, ನಮ್ಮ ಕಾರಿಗೆ ನಮ್ಮದೇ ಮಿದುಳು ಎಂದರು. ಮಿದುಳನ್ನು ಅರ್ಧ ಮಾಡಿದರು. ಉಳಿದರ್ಧ ಮುಂದಿನ ಅಪ್‌ಡೇಟಿನಲ್ಲಿ ಬರುತ್ತದೆ ಎಂದರು.

ಆ ಬಾರದ ಅಪ್‌ಡೇಟಿನ ಪರವಾಗಿ ಇಡೀ ದಿನ ಕ್ಷಮೆ ಕೇಳುವುದೇ ದಾಕ್ಷಾಯಣಿಯ ಹೊಟ್ಟೆಪಾಡು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಾರಸ ಕಂಪನಿಯ ನಿಗಾ ಕೇಂದ್ರವಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಚುಕ್ಕೆ, ಒಂದೊಂದು ಚುಕ್ಕೆ ಒಂದೊಂದು ಕಾರು. ದೂರುಗಳನ್ನು ಕೇಳಿ ಪಟ್ಟಿ ಬರೆದಿಡುವುದು ಅವಳ ಕೆಲಸ. ವಿಜಯಪುರದವರೊಬ್ಬರ ಮನೆಯನ್ನು ನಕಾಶೆ ಕೆರೆಯೊಳಗೆ ತೋರಿಸುತ್ತಿತ್ತು. ಇನ್ನೊಬ್ಬರು ಹೆಂಡತಿಯ ಹೆಸರು ಹೇಳಿದರೆ ಸಾಕು, ವೈಪರ್ ಶುರುವಾಗುತ್ತಿತ್ತು. ಬಳ್ಳಾರಿಯಿಂದ ಒಂದು ದೂರು ಬಂದಾಗ ಇಡೀ ಕೋಣೆ ನಕ್ಕಿತ್ತು: ತಂಗಿ ಬಂದು ಕೂತರೆ ಕಾರು ಅವಳನ್ನೇ ಅಕ್ಕ ಎಂದುಕೊಂಡು, ಅಕ್ಕನ ಹೆಸರಿನಿಂದಲೇ ಕರೆಯುತ್ತದಂತೆ. ದಾಕ್ಷಾಯಣಿ ಅದರ ಮುಂದೆ ‘ಅಪರೂಪ, ತುರ್ತಲ್ಲ’ ಎಂದು ಬರೆದು ಮುಂದಿನ ಕರೆ ತೆಗೆದುಕೊಂಡಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ಅದೇ ಕಾರನ್ನು ತನ್ನ ಮನೆಗೆ ಕೊಡಿಸಿದಳಲ್ಲ, ಅವಳಿಗೆ ಏನು ಹೇಳೋಣ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ. ತಂದೆ ತೀರಿಕೊಂಡ ಮೇಲೆ ಅಂಗಡಿ ನೋಡುತ್ತಿದ್ದವನು ಅವರ ತಮ್ಮ, ಕಾಕಾ ವಿರೂಪಾಕ್ಷಪ್ಪ. ಪೇಟೆಯಲ್ಲಿ ಯಾರಲ್ಲೂ ಇಲ್ಲದ ಕಾರು ಬೇಕೆಂಬ ಆಸೆ ಅವನದು. ನೌಕರರಿಗೆ ರಿಯಾಯಿತಿ ಇದೆ ಎಂದು ಬಾಯಿಬಿಟ್ಟವಳು ಇವಳು.

ಶೋರೂಮಿನಲ್ಲಿ ಯಾರೂ ಕಾರು ಹತ್ತಕೂಡದು, ಮನೆಯ ಹಿರಿಯರೇ ಮೊದಲು ಕೂರಬೇಕು ಎಂದು ಕಾಕಾ ಹಟ ಹಿಡಿದ. ಆ ಮನೆಗೆ ಎತ್ತಿನ ಚಕ್ಕಡಿ ಬಂದಾಗಲೂ ಹಾಗೇ, ಮೊದಲ ಲಾರಿ ಬಂದಾಗಲೂ ಹಾಗೇ. ಆದ್ದರಿಂದ ಸಾರಸ ಇನ್ನೊಂದು ಲಾರಿಯ ಬೆನ್ನೇರಿ ಬ್ಯಾಡಗಿಗೆ ಬಂತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಸ್ಟೇರಿಂಗಿಗೆ ವಿಭೂತಿ ಹಚ್ಚಿದರು, ಕಾಯಿ ಒಡೆದರು. ಎಂಬತ್ತೊಂದು ವರ್ಷದ ಅಜ್ಜಿ ಹಾಲವ್ವನನ್ನು ಕೈಹಿಡಿದು ಡ್ರೈವರ್ ಸೀಟಿನಲ್ಲಿ ಕೂರಿಸಿದರು.

ಹೊಸ ಸಾರಸಕ್ಕೆ ಮೊದಲು ಕೂತವರೇ ಮಾಲೀಕರು. ಕಾರು ಮೆತ್ತಗಿನ ಹೆಣ್ಣುದನಿಯಲ್ಲಿ, “ಮಾಲೀಕರು ದಯವಿಟ್ಟು ಇತ್ತ ನೋಡಿ” ಎಂದಿತು. ಹಾಲವ್ವ ನೋಡಿದಳು. ಕಣ್ಣು, ಕಣ್ಣಿನ ಸುತ್ತಲಿನ ಮುಖ ಎಲ್ಲವನ್ನೂ ಅದು ಒಳಗೆ ಬರೆದುಕೊಂಡಿತು. ಆಮೇಲೆ ಮಾಲೀಕರ ಗುರುತಿನ ಸಂಖ್ಯೆ ಕೇಳಿತು. ಮುಹೂರ್ತ ಮೀರುತ್ತದೆಂದು ಕಾಕಾನಿಗೆ ಅವಸರ.

“ಸದ್ಯ ಅಜ್ಜೀದ ಹಾಕ್ತೀನಿ, ಆಮ್ಯಾಲ ಬದ್ಲಿ ಮಾಡಿದ್ರಾತು,” ಎಂದು ದಾಕ್ಷಾಯಣಿ ತನ್ನ ಕೈಯಾರೆ ಒತ್ತಿದಳು. ಬದಲಿ ಮಾಡುವ ಸೌಲಭ್ಯ ಮುಂದಿನ ಅಪ್‌ಡೇಟಿನಲ್ಲಿತ್ತು.

ಅಂದಿನಿಂದ ಆ ಮನೆಯಲ್ಲಿ ಹೊಸದೊಂದು ನೇಮ ಶುರುವಾಯಿತು. ಬೇರೆಯವರು ಕಾರು ಓಡಿಸಬೇಕಾದರೆ ಮಾಲೀಕರು ದಿನಾ ಬೆಳಗ್ಗೆ ಬಂದು ಕಣ್ಣು ತೋರಿಸಿ ಒಪ್ಪಿಗೆ ಕೊಡಬೇಕು. ಹಾಲವ್ವ ಪೂಜೆ ಮುಗಿಸಿ, ಸೆರಗಿಗೆ ಕೈಯೊರೆಸಿಕೊಳ್ಳುತ್ತ ಅಂಗಳಕ್ಕೆ ಬರುತ್ತಿದ್ದಳು.

“ಎಷ್ಟ ಸಲ ನೋಡ್ತೈತೋ ಇದು ನನ್ನ. ಹೆಣ್ಣ ನೋಡಾಕ ಬಂದಾಗ ನಿಮ್ಮಪ್ಪನೂ ಇಷ್ಟ ನೋಡಿದ್ದಿಲ್ಲ,” ಎಂದು ಕಾಕಾನಿಗೆ ಹೇಳಿ ಕ್ಯಾಮೆರಾದ ಕಡೆ ಕಣ್ಣರಳಿಸುತ್ತಿದ್ದಳು.

“ನಮಸ್ಕಾರ, ಹಾಲವ್ವ. ಇಂದು ಎಲ್ಲಿಗೆ ಹೋಗೋಣ?” ಎನ್ನುತ್ತಿತ್ತು ಕಾರು.

“ನಾ ಎಲ್ಲಿಗೂ ಬರೂದಿಲ್ಲವ್ವಾ, ಇವನ್ನ ಕರಕೊಂಡ ಹೋಗು.”

ಅವಳ ಕಣ್ಣು ಪೇಟೆಗೇ ಗೊತ್ತಿದ್ದ ಕಣ್ಣು. ತಿಳಿ ಕಂದು ಬಣ್ಣದ ಬೆಕ್ಕಿನ ಕಣ್ಣು. ಮೆಣಸಿನಕಾಯಿ ರಾಶಿಯ ಮೇಲೆ ಒಮ್ಮೆ ಆಡಿಸಿದರೆ ಇದು ಯಾವ ಊರಿನ ಕಾಯಿ, ತೂಕಕ್ಕೆಂದು ಎಷ್ಟು ನೀರು ಹೊಡೆದಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ದಲಾಲರು ಅವಳಿದ್ದ ದಿನ ಅಂಗಡಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆ ಕಣ್ಣು ಮಕ್ಕಳಲ್ಲಿ ಯಾರಿಗೂ ಬರಲಿಲ್ಲ. ಮೊಮ್ಮಗಳು ದಾಕ್ಷಾಯಣಿಗೆ ಬಂತು. ಮದುವೆ ಮುಂಜಿಯಲ್ಲಿ ಹೆಂಗಸರು ಅವಳ ಗದ್ದ ಹಿಡಿದು ಥೇಟ್ ಹಾಲವ್ವ ಎನ್ನುತ್ತಿದ್ದರು, ಇವಳಿಗೆ ಸಾಕುಸಾಕಾಗುತ್ತಿತ್ತು.

ಎರಡು ವರ್ಷದ ಕೆಳಗೆ ಮಾರುಕಟ್ಟೆಯಲ್ಲಿ ನೇತ್ರದಾನದ ಶಿಬಿರ ನಡೆದಾಗ ಹಾಲವ್ವ ತಾನಾಗಿ ಹೋಗಿ ಸಹಿ ಹಾಕಿ ಬಂದಿದ್ದಳು. ಮನೆಯಲ್ಲಿ ಗಲಾಟೆಯಾಯಿತು. ಅವಳು ಜಗ್ಗಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ದಾಕ್ಷಾಯಣಿಯ ಕೈ ಹಿಡಿದುಕೊಂಡಳು.

“ಮಣ್ಣಾಗ ಹೋಗಿ ನನ್ನ ಕಣ್ಣ ಏನ ನೋಡಬೇಕಾಗೈತಿ? ಯಾರರೆ ನೋಡ್ಲಿ. ಇವ್ರೆಲ್ಲಾ ಅಳಕೋಂತ ಮರತ ಬಿಡ್ತಾರ. ನೀ ಓದಿದಾಕಿ, ನೀ ಮರೀಬ್ಯಾಡ.”

“ಮರಿಯಂಗಿಲ್ಲಜ್ಜಿ,” ಎಂದಿದ್ದಳು ದಾಕ್ಷಾಯಣಿ.

ಏಪ್ರಿಲ್ ತಿಂಗಳ ಒಂದು ಗುರುವಾರ. ಹಾಲವ್ವ ಬೆಳಗ್ಗೆ ಆರಕ್ಕೆ ಕಾರಿಗೆ ಕಣ್ಣು ತೋರಿಸಿದಳು, ಕಾಕಾ ಹುಬ್ಬಳ್ಳಿಗೆ ಹೊರಟ. ಒಂಬತ್ತೂಕಾಲಕ್ಕೆ ಚಹಾ ಕುಡಿದು ಬಟ್ಟಲು ಕೆಳಗಿಟ್ಟವಳು ಗೋಡೆಗೆ ಒರಗಿದಳು, ಅಷ್ಟೇ.

ನಿಗಾ ಕೇಂದ್ರದಲ್ಲಿ ದಾಕ್ಷಾಯಣಿಗೆ ಅವ್ವನ ಫೋನು ಬಂತು. ಅತ್ತಳು, ಆದರೆ ಮರೆಯಲಿಲ್ಲ. ನಗರದ ನೇತ್ರ ಭಂಡಾರಕ್ಕೆ ಫೋನ್ ಮಾಡಿದಳು. ಅವರ ವ್ಯಾನು ಗದಗಿಗೆ ಹೋಗಿತ್ತು. ಕಣ್ಣು ತೆಗೆಯಬಲ್ಲ ತಂತ್ರಜ್ಞ ಒಬ್ಬನಿದ್ದ, ಮೆಹಬೂಬ್ ಸವಣೂರ ಎಂದು, ಅವನ ಬಳಿ ಸಲಕರಣೆಯ ಪೆಟ್ಟಿಗೆಯೂ ಒಂದಿತ್ತು, ಗಾಡಿ ಇರಲಿಲ್ಲ. ಕಾಕಾ ಇನ್ನೂ ಹುಬ್ಬಳ್ಳಿಯಲ್ಲೇ ಇದ್ದ. ಅಳುತ್ತಲೇ ಕಾರು ತಂದ.

ಮೆಹಬೂಬ್ ಮೂವತ್ತರ ಹರೆಯದ, ಮೆಲುದನಿಯ ಮನುಷ್ಯ. “ಆರು ತಾಸಿನೊಳಗ ತೆಗೀಬೇಕ್ರೀ ಅಕ್ಕಾರ. ಮೂರೂಕಾಲಿಗೆ ಮುಗೀತು. ಮನ್ಯಾಗ ಫ್ಯಾನ್ ಬಂದ್ ಮಾಡಿಸ್ರಿ, ಕಣ್ಣ ಮುಚ್ಚಿ ಮ್ಯಾಲ ಹತ್ತಿ ಅರಳಿ ತೊಯ್ಸಿ ಇಡಸ್ರಿ. ಡಾಕ್ಟರ್ ಕಡಿಂದ ಮರಣದ ದಾಖಲೆ ಮಾಡಿಸಿಟ್ಟಿರ್ರಿ, ಅದಿಲ್ಲಂದ್ರ ನಾ ಮುಟ್ಟಂಗಿಲ್ಲ,” ಎಂದ. ಪೆಟ್ಟಿಗೆಯನ್ನು ಬಿಸಿಲಿಗೆ ಕಾಲ ಬಳಿ ಇಡುವುದೇಕೆ ಎಂದು ಕಾಕಾ ಬಾನೆಟ್ಟಿನ ಕೆಳಗಿನ ತಂಪು ಡಿಕ್ಕಿಯಲ್ಲಿ ಇರಿಸಿದ. ಆ ಕಾರು ಒಮ್ಮೆಯಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡ.

“ನೀನೂ ಹತ್ತು,” ಎಂದ ದಾಕ್ಷಾಯಣಿಗೆ.

ಅವಳು ಕಾರನ್ನೊಮ್ಮೆ ನೋಡಿದಳು. ಅದರ ಗುಣ ಅವಳಿಗೆ ಗೊತ್ತು. “ಬ್ಯಾಡ ಕಾಕಾ. ದಾರ‍್ಯಾಗ ಇದು ಏನರೆ ಕಿರಿಕಿರಿ ಮಾಡಿದ್ರ ಇಲ್ಲಿಂದ ಸರಿ ಮಾಡಾಕ ಒಬ್ರು ಬೇಕು. ನೀವು ಮುಟ್ಟಿದ ಮ್ಯಾಲ ನಾ ಬಸ್ಸಿಗೆ ಬರ್ತೀನಿ,” ಎಂದಳು.

ಹತ್ತೂಕಾಲಕ್ಕೆ ಚುಕ್ಕೆ ಹುಬ್ಬಳ್ಳಿ ಬಿಟ್ಟಿತು. ಅವಳು ಪರದೆಯ ಮುಂದೆ ಕೂತು ಅದರ ಬೆನ್ನು ಹತ್ತಿದಳು. ಶಿಗ್ಗಾವಿ ದಾಟಿತು. ಬ್ಯಾಡಗಿಯಲ್ಲಿ ಡಾಕ್ಟರು ಬಂದು, ಹಾಲವ್ವನ ಗುರುತಿನ ಸಂಖ್ಯೆ ಹಾಕಿ ಮರಣದ ದಾಖಲೆ ಮಾಡಿದರೆಂದು ಅವ್ವ ತಿಳಿಸಿದಳು. ದಾಕ್ಷಾಯಣಿ ಒಂದು ನಿಮಿಷ ನೆಮ್ಮದಿಯಿಂದ ನೀರು ಕುಡಿದಳು. ಲೋಟ ಕೆಳಗಿಡುವಷ್ಟರಲ್ಲಿ ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತ್ತು.

ಬೂದು ಬಣ್ಣವನ್ನು ಅವಳು ತರಬೇತಿಯಲ್ಲಿ ಮಾತ್ರ ಕಂಡಿದ್ದಳು. ಮಾಲೀಕರು ಸತ್ತ ಸುದ್ದಿ ಮರಣದ ದಾಖಲೆಯಿಂದ ನೇರವಾಗಿ ಕಾರಿಗೆ ತಲುಪುತ್ತದೆ. ಅಂಥ ದೊಡ್ಡ ಆಸ್ತಿಯನ್ನು ಯಾರೋ ಹೊಡೆದುಕೊಂಡು ಹೋಗಬಾರದಲ್ಲ, ಹಾಗಾಗಿ ಕಾರು ಮರ್ಯಾದೆಯಿಂದ ರಸ್ತೆಯ ಪಕ್ಕಕ್ಕೆ ನಿಂತು, ಒಳಗಿದ್ದವರನ್ನು ಇಳಿಸಿ, ಎಲ್ಲ ಬೀಗ ಹಾಕಿಕೊಂಡು ವಾರಸುದಾರರನ್ನು ಕಾಯುತ್ತದೆ. ಕಂಪನಿಯ ಮಿದುಳಿನಲ್ಲಿ ಪೂರ್ತಿ ತಯಾರಾಗಿದ್ದ ಭಾಗ ಇದೊಂದೇ ಇರಬೇಕು.

ಇಳಿದ ಕೂಡಲೇ ಕಾಕಾನ ಫೋನಿಗೆ ಜೀವ ಬಂತು. “ದಾಕ್ಷೀ, ಬಂಕಾಪುರ ಕ್ರಾಸ್ ಹತ್ರ ನಿಂತೇವಿ. ಇಳೀರಿ ಅಂತು, ಇಳದ್ವಿ. ಈಗ ಬಾಗ್ಲಾ ತಗೀವಲ್ದು. ‘ಮಾಲೀಕರು ದಯವಿಟ್ಟು ಇತ್ತ ನೋಡಿ’ ಅನ್ನಾಕತ್ತೈತಿ. ನಾನೂ ನೋಡಿದ್ನಿ, ಹತ್ತ ಸಲ ನೋಡಿದ್ನಿ. ‘ನೀವು ಹಾಲವ್ವ ಅಲ್ಲ’ ಅಂತೈತಿ.”

“ಕಾರ್ ಬಿಡು ಕಾಕಾ. ಬ್ಯಾರೆ ಗಾಡಿ ಹತ್ರಿ.”

“ಪೆಟಗಿ ಒಳಗೈತಲ್ಲವಾ.”

ಮೆಹಬೂಬ್ ಫೋನ್ ತೆಗೆದುಕೊಂಡ. “ಪೆಟಗಿ ಇಲ್ದ ಬರೇ ಕೈಲೆ ಹೋಗಿ ನಾ ಏನ್ ಮಾಡ್ಲ್ರಿ ಅಕ್ಕಾರ?”

ಗದಗಿನ ವ್ಯಾನಿನಲ್ಲಿ ಇನ್ನೊಂದು ಪೆಟ್ಟಿಗೆಯಿತ್ತು. ಅದು ಅಲ್ಲಿ ಬಳಕೆಯಾಗಿತ್ತು. ವಾಪಸು ಬಂದು, ಕುದಿಸಿ ಶುದ್ಧ ಮಾಡಿಕೊಂಡು ಹೊರಟರೆ ಬ್ಯಾಡಗಿ ಮುಟ್ಟುವಾಗ ನಾಲ್ಕೂವರೆ. ದಾವಣಗೆರೆಯ ನೇತ್ರ ಭಂಡಾರಕ್ಕೆ ಫೋನ್ ಮಾಡಿದಳು. ಅವರೂ ನಾಲ್ಕಕ್ಕೆ ಮೊದಲು ಆಗುವುದಿಲ್ಲ ಎಂದರು. ಹಾವೇರಿಯಲ್ಲಿ ಈ ಕೆಲಸ ಬಲ್ಲವರು ರಜೆಯಲ್ಲಿದ್ದರು. ಅವಳು ಗಡಿಯಾರ ನೋಡಿದಳು, ಹನ್ನೊಂದೂ ನಲವತ್ತು.

ಮೇಲಧಿಕಾರಿ ಕಾಮತ್ ಕೆಟ್ಟವರಲ್ಲ. ಕೇಳಿದ ಕೂಡಲೇ ಎದ್ದು ಅವಳ ಪರದೆಯ ಬಳಿಗೇ ಬಂದರು.

“ಆ ಮುಂದಿನ ಡಿಕ್ಕಿ ಒಂದು ತೆರೆದರೆ ಸಾಕು ಸಾರ್. ಕಾರು ಬೇಡ, ಅದು ಅಲ್ಲೇ ಕೊಳೀಲಿ.”

“ದಾಕ್ಷಾಯಣಿ, ಬೂದು ಬಣ್ಣಕ್ಕೆ ಹೋದ ಮೇಲೆ ಅದು ನಮ್ಮ ಮಾತೂ ಕೇಳಲ್ಲ. ನಮ್ಮ ಮಾತು ಕೇಳೋ ಹಾಗಿದ್ರೆ ಕಳ್ಳರ ಮಾತೂ ಕೇಳುತ್ತೆ ಅಂತ ಹಾಗೆ ಮಾಡಿದಾರೆ. ವಾರಸಾ ಪತ್ರ ಬೇಕು, ಇಲ್ಲ ಮಾಲೀಕರ ಕಣ್ಣು.”

“ಆ ಕಣ್ಣು ತರೋಕೇ ಅಲ್ವಾ ಸಾರ್ ಅವರು ಹೊರಟಿದ್ದು.”

ಕಾಮತ್ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಬೆಂಗಳೂರಿಗೆ ಫೋನ್ ಮಾಡಿದರು, ಅಲ್ಲಿಂದ ಪುಣೆಗೆ, ಪುಣೆಯಿಂದ ಎಲ್ಲಿಗೋ. ಅಲ್ಲೊಬ್ಬ ನಿಮ್ಮ ದೂರು ನಮಗೆ ಅಮೂಲ್ಯ ಎಂದ. ದಾಕ್ಷಾಯಣಿಗೆ ಕೆನ್ನೆಗೆ ಹೊಡೆದಂತಾಯಿತು, ಯಾಕೆಂದರೆ ಆ ಮಾತನ್ನು ದಿನಕ್ಕೆ ಅರವತ್ತು ಸಲ ಅವಳೇ ಹೇಳುತ್ತಿದ್ದಳು.

ನಡುನಡುವೆ ಮನೆಯಿಂದ ಫೋನು. ಅವರ ಸಂಪ್ರದಾಯದಂತೆ ಹಾಲವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆತುಂಬ ವಿಭೂತಿ. ಭಜನೆಯವರು ಬಂದಿದ್ದರು. ಫ್ಯಾನ್ ಬಂದಾಗಿ, ಮೂವತ್ತೊಂಬತ್ತು ಡಿಗ್ರಿ ಬಿಸಿಲಿಗೆ ಇಡೀ ಮನೆ ಬೇಯುತ್ತಿತ್ತು.

“ಬಂದವ್ರೆಲ್ಲಾ ಮುಖಾ ತೋರ್ಸು ಅಂತಾರವಾ,” ಎಂದಳು ಅವ್ವ. “ಕಣ್ಣ ಮ್ಯಾಲಿನ ಅರಳಿ ತಗೀಬ್ಯಾಡ್ರಿ ಅಂತ ನಾನ ಅಡ್ಡ ಕುಂತೇನಿ. ಹತ್ತ ನಿಮಿಷಕ್ಕೊಮ್ಮೆ ತೊಯ್ಸಿ ಇಡಾಕತ್ತೇನಿ. ಅತ್ತೆವ್ವಗ ಜಡ್ಡಾದಾಗೂ ನಾ ಇಷ್ಟ ಮಾಡಿಲ್ಲ. ಎಲ್ಲಿಗೆ ಬಂದ್ರ ಅವ್ರು?”

“ಬರಾಕತ್ತಾರವ್ವಾ,” ಎಂದಳು ದಾಕ್ಷಾಯಣಿ. ಸುಳ್ಳು ಹೇಳಿ ಫೋನ್ ಕೆಳಗಿಟ್ಟಳು.

ಒಂದೂವರೆಗೆ ಒಬ್ಬ ಲಾರಿ ಡ್ರೈವರು ನಿಂತು, ಕತೆ ಕೇಳಿ, ಹಾರೆ ತೆಗೆದುಕೊಂಡು ಇಳಿದ. ಪುಣ್ಯಾತ್ಮ, ಬಾನೆಟ್ಟಿನ ಸಂದಿಗೆ ಹಾಕಿ ಮೀಟಿದ. ಬಣ್ಣ ಕೂಡ ಏಳಲಿಲ್ಲ. ಮೂರನೆಯ ಏಟಿಗೆ ಕಾರು ಕೂಗಿಕೊಂಡಿತು, ಕಳ್ಳತನವೆಂದು ತಾನೇ ಪೊಲೀಸರಿಗೆ ಸುದ್ದಿ ಕಳಿಸಿತು. ಹೆದ್ದಾರಿ ಗಸ್ತಿನವರು ಎಂಟು ನಿಮಿಷದಲ್ಲಿ ಬಂದರು. ಕಾರು ಯಾರದು ಎಂದರು. ನಮ್ಮವ್ವಂದು ಎಂದ ಕಾಕಾ. ಎಲ್ಲಿದ್ದಾರೆ ಕರೀರಿ ಎಂದರು. ಕಾಕಾ ರಸ್ತೆಯ ಕಟ್ಟೆಯ ಮೇಲೆ ಕೂತು ಮಗುವಿನ ಹಾಗೆ ಅತ್ತ. ಅವರು ನೀರು ಕೊಟ್ಟರು, ಸಮಾಧಾನ ಮಾಡಿದರು, ಆದರೆ ಹಾರೆ ಮುಟ್ಟಲು ಬಿಡಲಿಲ್ಲ. ಮುರಿದರೆ ನಮ್ಮ ತಲೆಗೆ ಬರುತ್ತದೆ ಎಂದರು.

ಎರಡೂವರೆ. ಎರಡೂ ಮುಕ್ಕಾಲು. ದಾಕ್ಷಾಯಣಿ ಅದೇ ಆಜ್ಞೆಯನ್ನು ಮತ್ತೆ ಮತ್ತೆ ಕಳಿಸಿದಳು: ಮುಂದಿನ ಡಿಕ್ಕಿ ತೆರೆ. ಪರದೆ ಪ್ರತಿ ಸಲ ಅದೇ ಉತ್ತರ ಕೊಟ್ಟಿತು: ಮಾಲೀಕರ ನಿರೀಕ್ಷೆಯಲ್ಲಿದೆ. ಮೂರೂಕಾಲಾಯಿತು. ಮೂರೂ ಇಪ್ಪತ್ತಾಯಿತು. ಮೆಹಬೂಬ್‌ನ ಫೋನು ಬಂತು. ಅವನೂ ಕಾಕಾನೂ ಒಂದು ಟೆಂಪೋ ಹತ್ತಿದ್ದರು.

“ಇನ್ನ ಉಪಯೋಗಿಲ್ರಿ ಅಕ್ಕಾರ. ಆದರೂ ಅಜ್ಜಿಯಾರಿಗೆ ಕೈ ಮುಗದ ಬರ್ತೀನ್ರಿ. ಇಷ್ಟ ದೂರ ಬಂದೇನಿ.”

ದಾಕ್ಷಾಯಣಿ ಬಸ್ಸು ಹಿಡಿದು ಮುಟ್ಟುವಾಗ ಐದಾಗಿತ್ತು. ಅವ್ವ ಆ ಕ್ಷಣದವರೆಗೂ ಅರಳೆ ತೋಯಿಸುತ್ತಲೇ ಇದ್ದಳು; ಯಾರು ಹೇಳಿದರೂ ಬಿಟ್ಟಿರಲಿಲ್ಲ. ದಾಕ್ಷಾಯಣಿ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡು, ಅಜ್ಜಿಯ ಕಣ್ಣಿನ ಮೇಲಿನ ಅರಳೆಯನ್ನು ತಾನೇ ತೆಗೆದಳು. ಇಳಿಹೊತ್ತಿಗೆ ಮಣ್ಣು ಮುಗಿಯಿತು. ಕೊಟ್ಟ ಮಾತು ಮಣ್ಣಿಗೆ ಹೋಯಿತು ಎಂದು ಅವಳು ಹೊಲದ ಬದುವಿನ ಮೇಲೆ ಕೂತು ಬಿಕ್ಕಿದಳು.

ಮರುದಿನ ಬೆಳಗ್ಗೆ ಕಾಕಾ ಮತ್ತು ದಾಕ್ಷಾಯಣಿ ಬಂಕಾಪುರ ಕ್ರಾಸಿಗೆ ಹೋದರು. ಕಾರನ್ನು ಎತ್ತಿಕೊಂಡು ಹೋಗಲು ಕಂಪನಿಯ ಲಾರಿ ಬರಬೇಕಿತ್ತು. ಪೆಟ್ಟಿಗೆಯನ್ನು ಎಂದಾದರೂ ಕೊಡುತ್ತಾರೋ ಕೇಳೋಣವೆಂದು ಮೆಹಬೂಬ್ ಹುಬ್ಬಳ್ಳಿಯಿಂದ ಬಂದು ಕಾಯುತ್ತಿದ್ದ. ಸಾರಸ ಬಿಸಿಲಿನಲ್ಲಿ ಮಿರಿಮಿರಿ ಮಿಂಚುತ್ತ ನಿಂತಿತ್ತು.

ಬಾಗಿಲ ಕಂಬದ ಮೇಲಿನ ಕ್ಯಾಮೆರಾಕ್ಕೆ ಧೂಳು ಕೂತಿತ್ತು. ಪಕ್ಕದಲ್ಲಿ ಬೆರಳಿನ ವಿಭೂತಿ ಗುರುತು, ಹಾಲವ್ವನದು. ನಿನ್ನೆ ಬೆಳಗ್ಗೆ ಕಣ್ಣು ತೋರಿಸುವಾಗ ಆತುಕೊಂಡಿದ್ದಿರಬೇಕು. ಗುರುತು ಅಳಿಸದಂತೆ ಧೂಳನ್ನಷ್ಟೇ ಒರೆಸಲು ದಾಕ್ಷಾಯಣಿ ಸೆರಗಿನ ತುದಿ ಹಿಡಿದು ಬಗ್ಗಿದಳು. ರಾತ್ರಿಯಿಡೀ ಅತ್ತು ಅವಳ ಕಣ್ಣು ಊದಿ, ರೆಪ್ಪೆಗಳು ಇಳಿಬಿದ್ದಿದ್ದವು.

“ನಮಸ್ಕಾರ, ಹಾಲವ್ವ,” ಎಂದಿತು ಕಾರು. “ನಿಮ್ಮ ಮರಣದ ದಾಖಲೆಯಲ್ಲಿ ತಪ್ಪಾಗಿದೆ ಎಂದು ತಿಳಿದುಕೊಂಡಿದ್ದೇನೆ. ಇಂದು ಎಲ್ಲಿಗೆ ಹೋಗೋಣ?”

ನಾಲ್ಕೂ ಬಾಗಿಲು ಟಕ್ಕನೆ ಬಿಟ್ಟುಕೊಂಡವು. ಬಾನೆಟ್ಟು ಮೆಲ್ಲಗೆ ಮೇಲೆದ್ದಿತು.

ಮೆಹಬೂಬ್ ಹೋಗಿ ಪೆಟ್ಟಿಗೆ ಎತ್ತಿಕೊಂಡ, ಮುಚ್ಚಳ ತೆಗೆದು ಒಳಗೆ ಕೈಯಿಟ್ಟು ನೋಡಿದ. “ಇನ್ನೂ ತಣ್ಣಗೈತ್ರಿ,” ಎಂದ, ಯಾರ ಮುಖವನ್ನೂ ನೋಡದೆ.

ದಾಕ್ಷಾಯಣಿಗೆ ಬಳ್ಳಾರಿಯ ಅಕ್ಕತಂಗಿಯರು ನೆನಪಾದರು. ‘ಅಪರೂಪ, ತುರ್ತಲ್ಲ’ ಎಂದು ಬರೆದ ತನ್ನ ಅಕ್ಷರ ನೆನಪಾಯಿತು. ನೀನೂ ಹತ್ತು ಎಂದಿದ್ದ ಕಾಕಾ. ಹತ್ತಿದ್ದರೆ ಆಗುತ್ತಿತ್ತು. ಸುಮ್ಮನೆ ಬಸ್ಸು ಹಿಡಿದು ಇಲ್ಲಿಗೆ ಬಂದು ಒಮ್ಮೆ ಈ ಗಾಜಿನತ್ತ ನೋಡಿದ್ದರೂ ಆಗುತ್ತಿತ್ತು. ನಾಲ್ಕು ತಾಸು ಅವಳು ಪರದೆಯನ್ನೇ ನೋಡುತ್ತ ಕೂತಿದ್ದಳು.

ಕಾಕಾನಿಗೂ ಅರ್ಥವಾಗಿತ್ತು. ಅವನು ಬಹಳ ಹೊತ್ತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ದಾಕ್ಷೀ,” ಎಂದ ಕೊನೆಗೆ. “ಇದನ್ನ ಮನ್ಯಾಗ ಹೇಳಬ್ಯಾಡ. ನಿಮ್ಮವ್ವಗಂತೂ ಹೇಳಬ್ಯಾಡ.”

ಕಂಪನಿಯ ಲಾರಿ ಬರಲಿಲ್ಲ. ಕಾರನ್ನು ಅಲ್ಲೇ ಬಿಡುವಂತಿರಲಿಲ್ಲ, ಮತ್ತು ಒಮ್ಮೆ ಬೂದು ಬಣ್ಣಕ್ಕೆ ಹೋಗಿ ಬಂದ ಮೇಲೆ ಮಾಲೀಕರೇ ಕೂರದೆ ಅದು ಹೊರಡುತ್ತಿರಲಿಲ್ಲ. ದಾಕ್ಷಾಯಣಿ ಡ್ರೈವರ್ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ಕಾಕಾ. ಬಾಗಿಲು ಮುಚ್ಚಿದ ಕೂಡಲೇ ಫೋನುಗಳು ಸತ್ತವು. ಸೀಟು ಬೆನ್ನು ನೀವಲು ಶುರುಮಾಡಿತು. ಮಾಲೀಕರಿಗೆ ವಯಸ್ಸಾಗಿದೆಯೆಂದು ಗೊತ್ತಿದ್ದ ಕಾರು, ಐದೈದು ಕಿಲೋಮೀಟರಿಗೆ ಒಮ್ಮೆ ಮೆತ್ತಗೆ ಕೇಳುತ್ತಿತ್ತು.

“ಹಾಲವ್ವ, ಆರಾಮಾಗಿದ್ದೀರಾ?”

ಹಾವೇರಿಯಲ್ಲಿ ಕೇಳಿತು, ಮೋಟೆಬೆನ್ನೂರಿನಲ್ಲಿ ಕೇಳಿತು, ಮೆಣಸಿನಕಾಯಿ ಪೇಟೆಯ ತಿರುವಿನಲ್ಲಿ ಕೇಳಿತು. ಪ್ರತಿ ಸಲವೂ ದಾಕ್ಷಾಯಣಿ ಹೂಂ ಎಂದಳು. ಅನ್ನದಿದ್ದರೆ ಕಾರು ನಿಂತುಬಿಡುತ್ತಿತ್ತು.